ಗುಡ್ಡದ ತುದಿಯಿಂದ ಕಂಡ ಸಮುದ್ರ

ಚಹಾಕ್ಕೆ ಹಾಕಲು ನಿಂಬೆ ಪರಿಮಳದ ಮಜ್ಜಿಗೆ ಹುಲ್ಲನ್ನು ಹೊಸಕಿದಾಗೆಲ್ಲ ನಮ್ಮೂರು ಮತ್ತಿಘಟ್ಟದ ಆ ಎತ್ತರದ ಗುಡ್ಡ ಕಣ್ಣೆದುರು ಬಂದು ನಿಲ್ಲುತ್ತದೆ.

ನಾನಾಗ ಐದನೇ ಕ್ಲಾಸು, ಉಬ್ಬಸದ ಹುಡುಗಿ. ಗೆಳತಿಯರಾದ ಗೌರಿ, ನಾಗವೇಣಿ ಕರೆಯಲು ಬಂದಾಗ ಅಜ್ಜಿ ಬಾಗಿಲಲ್ಲೇ ತಡೆದಳು. "ಇವಳಿಗೆ ಮೆಟ್ಟಿಲು ಹತ್ತಿದ್ರೇ ಏದುಸಿರು ಬತ್ತು. ಗುಡ್ಡ ಎಂತಕ್ಕೆ?"

"ತುದಿಗೆ ನಿಂತ್ರೆ ಸಮುದ್ರ ಕಾಣ್ತಡ ಅಜ್ಜಿ. ನಿಧಾನ ಕರ್ಕಂಡು ಹೋಗ್ತ್ಯ," ಎಂದಳು ಗೌರಿ. ಅಜ್ಜಿ ಒಮ್ಮೆ ಗುಡ್ಡದತ್ತ ನೋಡಿ ದಾರಿ ಬಿಟ್ಟಳು.

ಅರ್ಧ ಹತ್ತುವಷ್ಟರಲ್ಲಿ ಎದೆ ಗೊರಗೊರ ಎಂದಿತು. ಮಜ್ಜಿಗೆ ಹುಲ್ಲಿನ ಮೇಲೆಯೇ ಕುಳಿತುಬಿಟ್ಟೆ. ಅವರಿಬ್ಬರೂ ನನ್ನ ಆಚೀಚೆ ಕುಳಿತು, ಉಸಿರು ಹದಕ್ಕೆ ಬರುವವರೆಗೂ ಹುಲ್ಲು ಕಿತ್ತು ಮೂಸುತ್ತ ಹರಟಿದರು.

"ತಿರುಗಿ ಹೋಪನಾ?" ಎಂದು ನಾಗವೇಣಿ ಕೇಳಿದಳು. ನಾನು ಎದ್ದು ತುದಿಯತ್ತಲೇ ಹೊರಟೆ.

ಕೊನೆಯ ಬಂಡೆಯನ್ನು ಕೈಕಾಲು ಊರಿ ಹತ್ತಿದೆ. ಮೇಲೆ ಬರೀ ಗಾಳಿ. ಕಾಡುಗಳಾಚೆ, ಪಡುವಣದಲ್ಲಿ, ಬೆಳ್ಳಗಿನ ಗೆರೆಯೊಂದು ಹೊಳೆಯುತ್ತಿತ್ತು.

"ಅದೇ ಸಮುದ್ರ," ಎಂದಳು ಗೌರಿ.

ನಾನು ಎರಡೂ ಕೈ ಎತ್ತಿ ಕೂಗಿದೆ. ನನ್ನೊಳಗೆ ಅಷ್ಟು ಉಸಿರಿದೆಯೆಂದು ನನಗೇ ಗೊತ್ತಿರಲಿಲ್ಲ.

ಸಂಜೆ ಅಜ್ಜಿ ಬೈಯಲಿಲ್ಲ. ನನ್ನ ಕಾಲಿನ ಗೀರುಗಳಿಗೆ ಎಣ್ಣೆ ಹಚ್ಚುತ್ತ ಮೆಲ್ಲಗೆ ಹೇಳಿದಳು: "ಮದುವೆಯಾಗಿ ಬಂದಾಗಿಂದ ಆ ಗುಡ್ಡ ಒಂದ್ಸಲ ಹತ್ತಕು ಹೇಳಿ ಎಂಗೂ ಆಸೆ ಇತ್ತು. ಹೇಳು, ಹೆಂಗೆ ಕಾಣ್ತು?"

ನಾನು ನೆಟ್ಟಗೆ ಕುಳಿತು ಮೊದಲಿನಿಂದ ಹೇಳತೊಡಗಿದೆ.