ನಾಳೆಯ ಕಳ್ಳು

ಐದು ಲೀಟರಿನ ಖಾಲಿ ಕ್ಯಾನು ಹಿಡಿದು ಪಾವ್ ಸುಡುವ ಭಟ್ಟಿಯ ಬೊಸ್ತ್ಯಾಂವ್ ಕಳ್ಳಿಳಿಸುವ ಇನಾಸನ ಅಂಗಳಕ್ಕೆ ಕಾಲಿಟ್ಟಾಗ ಕೋಳಿಗಳೂ ಕಾಳು ಹೆಕ್ಕುವುದು ಬಿಟ್ಟು ಕತ್ತೆತ್ತಿ ನೋಡಿದವು. ನೋಡದೆ ಇರುತ್ತವೆಯೇ? ಹನ್ನೊಂದು ವರ್ಷದ ಮೇಲೆ ಬಂದಿದ್ದ. ಎರಡು ಮನೆಗಳ ನಡುವೆ ಇದ್ದದ್ದು ಒಂದು ಗದ್ದೆ, ಒಂದು ಶಿಲುಬೆ, ಹೆಚ್ಚೆಂದರೆ ಇನ್ನೂರು ಹೆಜ್ಜೆ. ಇನ್ನೂರು ಹೆಜ್ಜೆ ನಡೆಯಲು ಹನ್ನೊಂದು ವರ್ಷ ತೆಗೆದುಕೊಂಡವನು ಇಡೀ ಗೋವೆಯಲ್ಲಿ, ಗೋವೆಯೇನು, ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಮತ್ತೊಬ್ಬನಿರಲಾರ.

“ಯಾರು, ಬೊಸ್ತ್ಯಾಂವ್ ಬಾಬನಾ? ದಾರಿ ತಪ್ಪಿ ಬಂದ್ಯಾ ಹೇಗೆ?” ಮುದುಕ ಇನಾಸ್ ಜಗಲಿಯ ಕುರ್ಚಿಯಿಂದ ಏಳದೆಯೇ ಕೇಳಿದ.

“ಬರೋ ಭಾನುವಾರ ಮಗಳ ಮದುವೆ, ಮಾಮ. ಐದು ಲೀಟರ್ ಕಳ್ಳು ಬೇಕು.”

“ಕುಡಿಯೋಕಾ?”

“ಅಯ್ಯೋ, ಸನ್ನಾಂ ಹಿಟ್ಟಿಗೆ! ನಮ್ಮನೆ ಅಕ್ಕಿ ಸನ್ನಾಂ ಕಳ್ಳಲ್ಲೇ ಉಬ್ಬೋದು, ಇಡ್ಲಿಗಿಂತ ಮೆತ್ತಗೆ ಅಂತ ಬೀಗರ ಮುಂದೆ ಹೇಳಿಬಿಟ್ಟಿದೀನಿ. ಹುಡುಗಿ ಬೇರೆ ಹಟ ಹಿಡಿದಿದಾಳೆ. ಚಿನ್ನ ಬೇಡ, ಬ್ಯಾಂಡು ಬೇಡ, ಅಜ್ಜ ಮಾಡ್ತಿದ್ದ ಸನ್ನಾಂ ಒಂದಿದ್ರೆ ಸಾಕಂತೆ. ಹುಟ್ಟಿದಾಗಿಂದ ನನ್ನ ಹತ್ರ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಐದು ಊರು ಅಲೆದೆ ಮಾಮ. ಸಿಕ್ಕಿದ್ದೆಲ್ಲ ಸಕ್ಕರೆ ನೀರು. ಅದು ಹಾಕಿದ್ರೆ ಹಿಟ್ಟು ಉಬ್ಬಲ್ಲ, ನನ್ನ ಹೊಟ್ಟೆ ಉಬ್ತದೆ.”

ಬೊಸ್ತ್ಯಾಂವನ ಅಪ್ಪನ ಕಾಲದಲ್ಲಿ ಆ ಭಟ್ಟಿಯ ಪರಿಮಳಕ್ಕೆ ಪಾದ್ರಿಗಳು ಪೂಜೆಯ ನಡುವೆ ಸಾಲು ಮರೆಯುತ್ತಿದ್ದರು. ಹಾದುಹೋಗುವ ರೈಲು ಆ ತಿರುವಿನಲ್ಲಿ ಮೂಗರಳಿಸಿ ನಿಧಾನವಾಗುತ್ತಿತ್ತು. ಪಾವ್ ಹಿಟ್ಟು ಹುಳಿ ಬರುತ್ತಿದ್ದದ್ದು ಇನಾಸನ ಕಳ್ಳಿನಲ್ಲಿ. ಅಪ್ಪ ಸತ್ತ ಮೇಲೆ ಒಂದು ಮಳೆಗಾಲದ ಸಂಜೆ, ಗದ್ದೆಯ ಕೆಸರು ತುಳಿಯಲು ಬೇಸರವಾಗಿ, ಬೊಸ್ತ್ಯಾಂವ್ ಅಂಗಡಿಯ ಯೀಸ್ಟ್ ಪೊಟ್ಟಣ ಒಡೆದು ಒಂದು ಚಿಟಿಕೆ ಹಾಕಿದ. ಹಿಟ್ಟು ಇಗರ್ಜಿಯ ಗುಮ್ಮಟದಷ್ಟು ಎದ್ದಿತು. ಬೆಳಿಗ್ಗೆ ಸೈಕಲ್ಲಿನ ಹಾರ್ನ್ ಒತ್ತುತ್ತ ಮನೆಮನೆಗೆ ಪಾವ್ ಹಾಕಿದ. ಊರ ನಾಯಿಗೂ ವ್ಯತ್ಯಾಸ ತಿಳಿಯಲಿಲ್ಲ. ದಾರಿಯಲ್ಲಿ ಇನಾಸ್ ಸಿಕ್ಕಾಗ “ನಾಳೆ ಬರ್ತೀನಿ ಮಾಮ” ಎಂದ. ಮರುದಿನವೂ ಅದನ್ನೇ ಅಂದ. ಬೇಡ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ. ಅಷ್ಟು ಹಿರಿಯನ ಮುಖಕ್ಕೆ ಬೇಡ ಎನ್ನುವುದು ಹೇಗೆ? ಬೊಸ್ತ್ಯಾಂವನ ಸುಖ ನೋಡಿ ಪಕ್ಕದೂರಿನ ಭಟ್ಟಿಯವನೂ ಪೊಟ್ಟಣ ತಂದ, ಅವನನ್ನು ನೋಡಿ ಅದರಾಚೆಯವನು.

“ಐದು ಲೀಟರಲ್ಲ, ಐದು ಚಮಚಾನೂ ಇಲ್ಲ ಬಾಬ. ಮರದ ಮೇಲೆ ಗಡಿಗೆ ಕಾಣ್ತದಾ ನೋಡು.”

“ಇವತ್ತೇ ಕಟ್ಟಿದ್ರೆ? ಇನ್ನೂ ಆರು ದಿನ ಇದೆ.”

“ಹೊಸ ಹೊಂಬಾಳೆ ಕಟ್ಟಿ, ತಟ್ಟಿ, ತುದಿ ಕೊಯ್ದು ಪಳಗಿಸೋಕೇ ಮೂರು ವಾರ ಬೇಕು. ಆಮೇಲೆ ದಿನಕ್ಕೆ ಮೂರು ಸಲ ಹತ್ತಬೇಕು. ಹತ್ತೋದು ಬಿಟ್ಟರೆ ಅದು ಒಣಗ್ತದೆ. ಯಾರು ಹತ್ತೋರು? ನನ್ನ ಮೊಣಕಾಲು ನೋಡು, ಹಲಸಿನಕಾಯಿ ಆಗಿದೆ.”

“ನಿಮ್ಮ ರೋಕ್ ಇದಾನಲ್ಲ?”

“ಮಗ ಹಡಗಲ್ಲಿ ತಟ್ಟೆ ತೊಳೀತಾನೆ. ಇಲ್ಲೇ ಇದ್ದಿದ್ರೂ ಹತ್ತುತಿರಲಿಲ್ಲ. ನೀನು ನಾಳೆ ಅಂದ್ಯಲ್ಲ, ಆ ವರ್ಷ ಪೂರ್ತಿ ನಾನು ಹತ್ತಿದೆ.”

“ವರ್ಷ ಪೂರ್ತಿನಾ?”

“ಮತ್ತೇನು ಮಾಡ್ಲಿ? ಬೇಡ ಅಂದಿದ್ರೆ ಅವತ್ತೇ ನಿಲ್ಲಿಸ್ತಿದ್ದೆ. ನಾಳೆ ಅಂದೋನು ನಿಜವಾಗ್ಲೂ ನಾಳೆ ಬಂದುಬಿಟ್ರೆ, ಇಲ್ಲ ಅನ್ನೋಕಾಗ್ತದಾ? ಮೊದಲು ಆ ಕಳ್ಳಲ್ಲಿ ವಿನೆಗರ್ ಮಾಡಿದ್ವಿ. ಭರಣಿ, ಬಿಂದಿಗೆ, ಹೆಂಡ್ತಿ ತಲೆಗೆ ನೀರು ಕಾಯಿಸೋ ಹಂಡೆ, ಎಲ್ಲ ತುಂಬಿತು. ಆಮೇಲೆ ಬಾಳೆ ಬುಡಕ್ಕೆ ಸುರಿದೆ. ಬಾಳೆಗಳು ಅಮಲೇರಿ ಗೊನೇನೇ ಹಾಕಲಿಲ್ಲ!” ಇನಾಸ್ ನಗಲು ಹೋಗಿ ಕೆಮ್ಮಿದ. “ರೋಕ್ ದಿನಾ ನೋಡ್ತಿದ್ದ. ಒಂದಿನ ಕೇಳಿದ, ‘ಪಪ್ಪಾ, ಚೆಲ್ಲೋದಕ್ಕೆ ಅಷ್ಟು ಎತ್ತರ ಯಾಕೆ ಹತ್ತಬೇಕು?’ ಮರುದಿನ ಹೊಂಬಾಳೆ ಕೊಯ್ಯೋ ಕತ್ತಿ ಮಸೆದು, ಇನ್ಮೇಲೆ ನೀನು ಹತ್ತು ಅಂತ ಅವನ ಮುಂದೆ ಹಿಡಿದೆ. ತಗೊಳ್ಳಲಿಲ್ಲ.”

ಮೂರು ಊರಿಗೆ ಕೇಳುವ ಹಾರ್ನಿಗಿಂತ ಜೋರಾದ ಬಾಯಿ ಬೊಸ್ತ್ಯಾಂವನದು. ಈಗ ಅವನು ಖಾಲಿ ಕ್ಯಾನನ್ನು ಬೆನ್ನ ಹಿಂದೆ ಸರಿಸಿದ. “ನಂಗೆ ಗೊತ್ತಿರಲಿಲ್ಲ ಮಾಮ,” ಎಂದ ಮೆಲ್ಲಗೆ.

“ಗೊತ್ತಾಗ್ಬೇಕಾದ್ರೆ ಬರಬೇಕಿತ್ತು. ನಮ್ಮ ಕಡೆ ಕಳ್ಳಿಳಿಸೋರು ಹದಿನೇಳು ಜನ ಇದ್ವಿ. ಈಗ ತೆಂಗು ಹತ್ತೋದು ಕಾಗೆ ಮಾತ್ರ. ಹೋಗ್ಲಿ ಬಿಡು. ಸನ್ನಾಂಗೂ ಆ ಪೊಟ್ಟಣಾನೇ ಹಾಕು. ಬೀಗರಿಗೆ ಏನು ತಿಳೀತದೆ?”

“ಮಗಳಿಗೆ ತಿಳೀತದೆ.”

ಒಳಗಿನಿಂದ ಇನಾಸನ ಹೆಂಡತಿ ರೊಜಾರಿನ್ ಚಹಾದ ಲೋಟವನ್ನೂ ತಟ್ಟೆಯಲ್ಲಿ ಎರಡು ಪಾವನ್ನೂ ತಂದಿಟ್ಟಳು. ಮದುವೆಮನೆಯವನನ್ನು ಬರಿಬಾಯಲ್ಲಿ ಕಳಿಸಬಾರದು ಎಂದಳು. ಬೊಸ್ತ್ಯಾಂವ್ ಪಾವನ್ನು ತಿರುಗಿಸಿ ನೋಡಿದ. ಅವನದೇ. ಬೆಳಿಗ್ಗೆ ಭಟ್ಟಿಯಿಂದ ಇಳಿದದ್ದು, ಇನ್ನೂ ಮಧ್ಯಾಹ್ನವಾಗಿರಲಿಲ್ಲ, ಆಗಲೇ ಮೈಯೆಲ್ಲ ಪುಡಿಪುಡಿ.

“ನಿಮ್ಮದೇ, ಬಾಬ,” ಎಂದಳು ರೊಜಾರಿನ್ ನಗುತ್ತ. “ದಿನಾ ಪಕ್ಕದ ಮನೆಯವರ ಕೈಲಿ ತರಿಸ್ತೀವಿ, ಒಂದು ದಿನಾನೂ ಬೇರೆಯವರದ್ದು ತಗೊಂಡಿಲ್ಲ. ಇವರು ಬಿಡಬೇಕಲ್ಲ.”

ಬೊಸ್ತ್ಯಾಂವ್ ಒಂದು ತುಂಡು ಮುರಿದು ಚಹಾದಲ್ಲಿ ಅದ್ದಿದ. ಎತ್ತುವಾಗ ಅದು ಚಹಾದಲ್ಲೇ ಕರಗಿಹೋಗಿತ್ತು, ಬೆರಳ ತುದಿಯಲ್ಲಿ ಏನೂ ಇರಲಿಲ್ಲ.