ಖಾಲಿ ಹೊಲದ ತನಿಖೆ

“ಬರ್ಕೊಳ್ಳಿ ಸಾಹೇಬ್ರೇ, ಬರ್ಕೊಳ್ಳಿ! ಹುಲ್ಲು ಬಿಟ್ರೆ ಇನ್ನೇನಿದೆ ಇಲ್ಲಿ? ಇದನ್ನ ಹೊಲ ಅಂತಾರಾ?” ಎನ್ನುತ್ತ ಹೊಸಮನೆಯ ಮೇನೇಜರು ತಮ್ಮ ಕಾಂಪೌಂಡಿನಿಂದ ಒಂದೇ ನೆಗೆತಕ್ಕೆ ಬೇಲಿ ಹಾರಿ ಬಂದರು. ನಿವೃತ್ತಿಯಾಗಿ ಆರು ವರ್ಷವಾದ ಮಂಡಿಗಳು ಅಷ್ಟೆತ್ತರ ಹಾರಿದ್ದನ್ನು ಕಂಡು ಬೇಲಿ ಮೇಲಿದ್ದ ಓತಿಕ್ಯಾತವೇ ಭೇಷ್ ಎಂದು ತಲೆದೂಗಿತು.

ಹೊಲದೊಡತಿ ಗುಡುಗಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳು ಇಲ್ಲಿ ಕೆಮ್ಮಿದರೆ ಮೂರು ಊರಾಚೆಯ ಎತ್ತುಗಳು ತಾವಾಗಿ ನೊಗಕ್ಕೆ ಕತ್ತು ಕೊಡುತ್ತಿದ್ದವು, ಅಂಥ ಗಂಟಲು. ಇವತ್ತು ಮಾತ್ರ ಅದು ಒಣಗಿತ್ತು. ಮೊದಲಿನಿಂದ ಬೇಸಾಯ ನಡೆಯುತ್ತಿರುವ ಕಡೆಗೆ ಆಮೇಲೆ ಮನೆ ಕಟ್ಟಿಕೊಂಡು ಬಂದವರು ‘ಗೊಬ್ಬರ ನಾರುತ್ತದೆ, ಟ್ರ್ಯಾಕ್ಟರು ಅರಚುತ್ತದೆ’ ಎಂದು ತಕರಾರು ತೆಗೆಯುವಂತಿಲ್ಲ ಎಂಬುದು ಸರ್ಕಾರದ ನಿಯಮ. ಅದನ್ನೇ ಹಿಡಿದು ಮೇನೇಜರ ಎರಡು ಅರ್ಜಿಗಳನ್ನು ಅವಳು ತರಗೆಲೆಯ ಹಾಗೆ ಹಾರಿಸಿದ್ದಳು. ಆದರೆ ನಿಯಮಕ್ಕೊಂದು ಬಾಲವೂ ಇತ್ತು: ಬೇಸಾಯ ನಿಂತುಹೋದ ನೆಲಕ್ಕೆ ಈ ರಕ್ಷಣೆ ಇಲ್ಲ. ಈ ವರ್ಷ ಹೊಲ ಬರಿದಾಗಿದ್ದು ಕಂಡದ್ದೇ ತಡ, ಮೇನೇಜರು ಆ ಬಾಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ತನಿಖೆಗೆ ಬಂದ ಸಾಹೇಬರು ‘ಬೇಸಾಯ ನಿಂತಿದೆ’ ಎಂದು ಎರಡು ಪದ ಗೀಚಿದರೆ ಮುಗಿಯಿತು, ಮೇನೇಜರ ತಕರಾರೇ ಗೆದ್ದು ಇನ್ನು ಈ ಮಣ್ಣಿಗೆ ನೇಗಿಲು ಇಳಿಯುವ ಹಾಗಿಲ್ಲ.

“ನಿಂತಿಲ್ಲ ಸ್ವಾಮಿ, ಮಲಗಿದೆ,” ಎಂದಳು ಗುಡುಗಕ್ಕ. “ಮೂರು ವರ್ಷ ಬಿತ್ತಿ ಬೆಳೀತೀವಿ, ನಾಲ್ಕನೇ ವರ್ಷ ಬೀಳು ಬಿಡ್ತೀವಿ. ನಮ್ಮತ್ತೆಯ ಅತ್ತೆ ಕಾಲದಿಂದ್ಲೂ ಹೀಗೇ. ಸುಸ್ತಾಗಿರುತ್ತಲ್ಲ, ಪಾಪ.”

“ಮಣ್ಣಿಗೆ ಸುಸ್ತಂತೆ!” ಮೇನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಮತ್ತೆ? ನಿಮ್ಮ ಹಾಗೆ ಕೂತು ಪಿಂಚಣಿ ತಿನ್ನುತ್ತಾ? ದುಡಿದಿದೆ ಅದು!”

ಸಾಹೇಬರು ಬೆವರೊರೆಸಿಕೊಂಡರು. ಹೊಟ್ಟೆ ಮೊದಲು ಬಂದು ವಿಚಾರಿಸಿಕೊಂಡ ಮೇಲೆ ತಾವು ಬರುವಂಥ ಆಸಾಮಿ. “ನೋಡಮ್ಮಾ, ನನ್ನ ಫಾರಂನಲ್ಲಿ ‘ಈಗಿರುವ ಬೆಳೆ’ ಅಂತ ಒಂದು ಕಲಂ ಇದೆ. ‘ಮಲಗಿದೆ’ ಅನ್ನೋದಕ್ಕೆ ಜಾಗ ಇಲ್ಲ. ಕಣ್ಣಿಗೆ ಕಂಡದ್ದು ಬರೀತೀನಿ, ಅಷ್ಟೇ. ಎಲ್ಲಾದ್ರೂ ನೆರಳಿದ್ರೆ ತೋರಿಸು, ಕೂತು ಬರೀಬೇಕು.”

ನೆರಳೆಂದರೆ ಹೊಲದಂಚಿನಲ್ಲಿದ್ದ ಗುಡುಗಕ್ಕನ ಮನೆಯ ಜಗಲಿ. ಶತ್ರುವೇ ಬಂದರೂ ಬರಿಗಂಟಲಲ್ಲಿ ಕಳಿಸಿದ ಮನೆಯಲ್ಲ ಅದು. ಒಂದು ಚೆಂಬು ಮಜ್ಜಿಗೆ ಕೊಟ್ಟಳು. ಸಾಹೇಬರು ಒಂದೇ ಗುಟುಕಿಗೆ ಚೆಂಬಿನ ತಳ ಕಂಡರು. ಇನ್ನೊಂದು ಕೊಟ್ಟಳು, ಅದೂ ಅದೇ ದಾರಿ ಹಿಡಿಯಿತು. ಆಮೇಲೆ ಅವರು ಫಾರಂ ತೊಡೆಯ ಮೇಲಿಟ್ಟು, ಪೆನ್ನಿನ ತುದಿಯನ್ನು ಸರಿಯಾಗಿ ಆ ಕಲಂ ಮೇಲೆ ಊರಿ, ಯೋಚಿಸಲು ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣು ತೆರೆಯಲಿಲ್ಲ. ಗೊರಕೆಯ ಹೊಡೆತಕ್ಕೆ ಮಾಡಿನ ಹೆಂಚು ಒಂದಕ್ಕೊಂದು ಹಲ್ಲು ಕಡಿದವು.

“ಸಾರ್,” ಎಂದು ಮೇನೇಜರು ಪಿಸುಗುಟ್ಟಿದರು. ಮೂವತ್ತು ವರ್ಷ ಮೇಲಧಿಕಾರಿಗಳ ಕೈಕೆಳಗೆ ದುಡಿದ ಗಂಟಲು, ಅದಕ್ಕಿಂತ ಮೇಲೇಳಲಿಲ್ಲ. ಹತ್ತು ನಿಮಿಷ ಹೋಯಿತು, ಅರ್ಧ ಗಂಟೆಯೂ ಹೋಯಿತು. ಗುಡುಗಕ್ಕ ಕಂಬಕ್ಕೊರಗಿ ಆ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು. ಮೂರು ತಲೆಮಾರಿನ ಉಳುಮೆ ಆ ಒಂದು ಚುಕ್ಕೆಯ ಕೆಳಗೆ ಸಿಕ್ಕಿಕೊಂಡಿತ್ತು. ನೋಡುತ್ತ ನೋಡುತ್ತ ಅವಳ ಮುಖದಲ್ಲಿ ಏನೋ ಹೊತ್ತಿಕೊಂಡಿತು. ಒಣಗಿದ್ದ ಗಂಟಲೂ ತೆರೆಯಿತು.

“ಮೇನೇಜರೇ! ಅರ್ಜಿ ಬರೆಯೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ‘ತನಿಖಾ ಸಾಹೇಬರ ಹುದ್ದೆ ಖಾಲಿ ಬಿದ್ದಿದೆ, ರದ್ದು ಮಾಡಿ’ ಅಂತ ಬೇಗ ಒಂದು ಬರೀರಿ!”

ಆ ಕೂಗಿಗೆ ಅಂಗಳದ ಕೋಳಿಗಳು ಸೂರು ಹತ್ತಿದವು. ಸಾಹೇಬರು ಕೂತಲ್ಲೇ ಒಂದು ಮೊಳ ಎದ್ದು ಕೂತರು.

“ಯಾರದು? ಯಾವ ಹುದ್ದೆ ಖಾಲಿ? ನಾನಿದ್ದೀನಲ್ಲ!”

“ಕಣ್ಣಿಗೆ ಕಂಡದ್ದು ಹೇಳಿದೆ ಸ್ವಾಮಿ. ಅರ್ಧ ಗಂಟೆಯಿಂದ ಇಬ್ರೂ ನೋಡ್ತಾ ಇದ್ದೀವಿ, ಸಾಸಿವೆ ಕಾಳಷ್ಟು ಕೆಲಸ ಕಾಣ್ಲಿಲ್ಲ. ನಿಂತೇ ಹೋಯ್ತೇನೋ ಅಂದ್ಕೊಂಡ್ವಿ.”

“ಕೆಲಸ ಯಾಕಮ್ಮಾ ನಿಲ್ಲುತ್ತೆ? ಬೆಳಗಿಂದ ಏಳು ಊರು ಸುತ್ತಿ ಬಂದಿದ್ದೀನಿ. ಒಂಚೂರು ಸುಧಾರಿಸ್ಕೊಂಡ್ರೆ ತಾನೆ ಮತ್ತೆ...”

ಅಲ್ಲಿಗೆ ಸಾಹೇಬರ ಮಾತು ಕೆಸರಿಗೆ ಸಿಕ್ಕ ಗಾಡಿಯಂತೆ ನಿಂತಿತು. ಬಾಯಿ ಮಾತ್ರ ತೆರೆದೇ ಇತ್ತು. ಅವರು ಗುಡುಗಕ್ಕನನ್ನು ನೋಡಿದರು. ಆಮೇಲೆ ಬಿಸಿಲಲ್ಲಿ ಅಂಗಾತ ಬಿದ್ದುಕೊಂಡಿದ್ದ ಹೊಲವನ್ನು, ಗುರುತಿನವರನ್ನು ಎಷ್ಟೋ ದಿನದ ಮೇಲೆ ಕಂಡವರ ಹಾಗೆ, ತುಂಬಾ ಹೊತ್ತು ನೋಡಿದರು. ಕೊನೆಗೆ ತಲೆ ತಗ್ಗಿಸಿ ಬರೆಯತೊಡಗಿದರು. ಮೇನೇಜರು ಕೊಕ್ಕರೆಯಂತೆ ಕತ್ತು ನೀಡಿ ಇಣುಕಿದರು. ಕಲಂನಲ್ಲಿ ಹೀಗಿತ್ತು: ‘ವಿಶ್ರಾಂತಿ. ಬೇಸಾಯ ನಡೆಯುತ್ತಿದೆ.’ ಕೆಳಗೆ ಸಹಿ, ಸಹಿಯ ಮೇಲೆ ಮೊಹರು.

“ಇದು ಯಾವಾಗ ಏಳುತ್ತಮ್ಮಾ?” ಸಾಹೇಬರು ದನಿ ತಗ್ಗಿಸಿ ಕೇಳಿದರು.

“ಮುಂದಿನ ಮಳೆಗೆ. ಮಧ್ಯೆ ಯಾರೂ ತುಳಿದಾಡ್ದಿದ್ರೆ.”

ಸಾಹೇಬರ ಜೀಪು ಹೊಲದಾಚೆ ನಿಂತಿತ್ತು. ಅವರು ಬೂಟು ಕಳಚಿ ಕಂಕುಳಲ್ಲಿಟ್ಟುಕೊಂಡು, ಅಷ್ಟು ದೊಡ್ಡ ದೇಹವನ್ನು ಕಾಲ್ಬೆರಳುಗಳ ಮೇಲೆ ಹೊತ್ತು, ತೊಟ್ಟಿಲ ಪಕ್ಕ ನಡೆಯುವವರಂತೆ ಬದುವಿನ ಮೇಲೆ ಹೊರಟರು.

“ಸಾರ್, ಇದು ಅನ್ಯಾಯ!” ಎಂದು ಮೇನೇಜರು ಹಿಂದೆಯೇ ದಡದಡ ಓಡಿದರು.

ಸಾಹೇಬರು ತಿರುಗಿ ತುಟಿಯ ಮೇಲೆ ಬೆರಳಿಟ್ಟರು. “ಶ್!”

ಮೇನೇಜರು ತಮಗೇ ತಿಳಿಯದೆ ಚಪ್ಪಲಿ ಬಿಟ್ಟರು.