ಟೈಲರಕ್ಕನ ಹೂಂ

“ನಾಲ್ಕು ತಿಂಗಳ ಕೂಸಿನ ತಾಯಿ ಇಷ್ಟು ಇಳಿದುಹೋಗೋದಾ? ಅಂಗಿ ಒಳ್ಳೇ ಗೋಣಿಚೀಲದ ಹಾಗೆ ಜೋತಾಡ್ತಿದೆ!” ಟೈಲರಕ್ಕ ಮೂಲೆಮನೆ ಸೊಸೆಯ ಸೊಂಟದ ಬಳಿ ಬಟ್ಟೆ ಹಿಡಿದು ನಕ್ಕಳು. “ಎಲ್ಲಿ ಬಿಟ್ಟು ಬಂದೆ ಮಗಳನ್ನ?”

“ಬೆಳಗ್ಗೆ ಕಳಿಸಿದ್ವಲ್ಲ ಅಕ್ಕ, ನಮ್ಮನೆಯವರ ಅಕ್ಕನ ಜೊತೆ.”

“ವಾಪಸ್ಸು ಯಾವಾಗ?”

ಕನ್ನಡಿಯೊಳಗಿನ ಮುಖ ಗಲಿಬಿಲಿಗೊಂಡಿತು. “ವಾಪಸ್ಸಾ? ಕೊಟ್ಟೇಬಿಟ್ವಿ. ಅವರಿಗೆ ಮಕ್ಕಳಾಗೋದಿಲ್ಲ, ನಿನಗಾದ್ರೆ ಇನ್ನೊಂದು ಆಗುತ್ತೆ ಅಂತ ಮನೇಲಿ ಎಲ್ಲರದೂ ಒಂದೇ ಹಟ. ಹೋದ ಸಲ ಇಲ್ಲೇ ನಿಂತು ಎಲ್ಲಾ ಹೇಳ್ಕೊಂಡಿದ್ನಲ್ಲ. ಕೊಟ್ಟುಬಿಡ್ಲಾ ಅಕ್ಕ ಅಂದ್ರೆ ನೀವು ಹೂಂ ಅಂದ್ರಿ. ಮತ್ತೆ ಕೇಳ್ದೆ. ಮತ್ತೂ ಹೂಂ ಅಂದ್ರಿ. ನೀವೊಬ್ರು ಬೇಡ ಅಂದಿದ್ರೂ ನಾನು ಕೊಡ್ತಿರ್ಲಿಲ್ಲ.”

ಟೈಲರಕ್ಕ ಹಿಡಿದಿದ್ದ ಬಟ್ಟೆ ಬಿಟ್ಟಳು. ಅಂದು ಅವಳು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ ಇದೇ ಅಂಗಿಯ ಅಂಚು ಮಡಚುತ್ತಿದ್ದಳು. ತಲೆಯ ಮೇಲೆ ಏನೋ ಮಾತು ಹರಿಯುತ್ತಿದ್ದದ್ದು ನೆನಪಿದೆ. ಏನೆಂಬುದು ಮಾತ್ರ ಇಲ್ಲ. ಅವಳ ಜೀವವೆಲ್ಲ ಎಡಗಡೆ ತುಸು ಇಳಿಬಿದ್ದಿದ್ದ ಅಂಚಿನಲ್ಲಿತ್ತು. ಬಾಯಿ ಬಿಟ್ಟರೆ ಸೂಜಿಗಳು ಉದುರುತ್ತವೆ. ಹಾಗಾಗಿ ಎದುರಿನವರು ಮಾತು ನಿಲ್ಲಿಸಿದಲ್ಲೆಲ್ಲ ಮೂಗಿನಲ್ಲೇ ಒಂದು ಹೂಂ. ವರ್ಷಗಟ್ಟಲೆಯ ರೂಢಿ. ‘ಟೈಲರಕ್ಕನ ಹತ್ರ ಹೇಳ್ಕೊಂಡ್ರೆ ಎದೆ ಹಗುರಾಗುತ್ತೆ’ ಎಂದು ಬೀದಿಯ ಹೆಂಗಸರು ಹೊಗಳಿದಾಗ ಒಳಗೊಳಗೇ ಹಿಗ್ಗಿದ್ದೂ ಉಂಟು.

“ಅಯ್ಯೋ ತಾಯಿ, ಕೂಸನ್ನ ಕೊಡು ಅಂತ ನಾನು ಹೇಳ್ತೀನಾ!” ಅವಳು ಸೊಸೆಯ ತೋಳು ಹಿಡಿದುಕೊಂಡಳು. “ನೀನು ಹೇಳಿದ್ದು ಒಂದೂ ನನ್ನ ಕಿವಿಗೆ ಬಿದ್ದಿರ್ಲಿಲ್ಲ. ಅದು ಬರೀ ಅಭ್ಯಾಸದ ಹೂಂ ಕಣೇ.”

ಸೊಸೆ ಕನ್ನಡಿಯಿಂದ ಅವಳ ಕಡೆ ತಿರುಗಿದಳು.

“ಹಾಗಾದ್ರೆ ನಾನು ಕೇಳಿದ್ದು ಯಾರನ್ನ?”

ಟೈಲರಕ್ಕ ಹೊಲಿಗೆ ಯಂತ್ರದ ಮುಂದಿನ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ತಾನು ನೆಲದ ಮೇಲೆ ಕೂತು ಮುಖವೆತ್ತಿದಳು. “ಈಗ ಕೇಳ್ತೀನಿ, ಹೇಳು. ಕೊಡೋಕೆ ನಿನಗೆ ಮನಸ್ಸಿತ್ತಾ?”

ಸೊಸೆಯ ಹೊಸ ಅಂಗಿಯ ಎದೆಯ ಮೇಲೆ ಹಾಲಿನ ಎರಡು ಒದ್ದೆ ಕಲೆಗಳು ಮೂಡಿ, ನೋಡನೋಡುತ್ತ ಅಗಲವಾದವು.